ಲಿವರ್ ಸಾವು ಹಣೆಬರಹವಲ್ಲ



ಕುಡಿತದಿಂದ ಯಾರಾದರೂ ತೀರಿಕೊಂಡರೆ ‘ಲಿವರ್ ಹೋಗಿತ್ತಂತೆ’ ಎಂದು ಪಿಸುಗುಟ್ಟಿ, ಮಣ್ಣು ಕೊಟ್ಟು ಮನೆಗೆ ಮರಳುತ್ತೇವೆ. ಅವರ ಹಣೆಬರಹ ಎಂದು ಸುಮ್ಮನಾಗುತ್ತೇವೆ. ಚರಿತ್ರೆ ಬೇರೆಯೇ ಹೇಳುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ವೈನಿಗೂ ರೇಷನ್ ಬಂತು. ಲಿವರ್ ಗಟ್ಟಿಯಾಗಿ ಕೆಡುವ ಸಿರೋಸಿಸ್ ರೋಗದಿಂದ ಸಾಯುವವರ ಪ್ರಮಾಣ ಐದೇ ವರ್ಷಗಳಲ್ಲಿ ಐದರಲ್ಲಿ ನಾಲ್ಕು ಪಾಲು ಇಳಿಯಿತು. ಯುದ್ಧ ಮುಗಿದು ವೈನ್ ಮತ್ತೆ ಧಾರಾಳವಾಗಿ ಸಿಕ್ಕಾಗ ಸಾವುಗಳೂ ಏರಿದವು. ಊರು ಕುಡಿಯುವುದು ಕಡಿಮೆಯಾದರೆ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆದರೆ ಅಮೆರಿಕದ ಲೆಕ್ಕ ಇಷ್ಟು ಸರಳವಾಗಿರಲಿಲ್ಲ. ಅಲ್ಲಿ ಸಿರೋಸಿಸ್ ಸಾವಿನ ಪ್ರಮಾಣ 1973ರ ನಂತರ ಇಳಿಯತೊಡಗಿತು. ಜನರ ಕುಡಿತ ಮಾತ್ರ 1980ರ ಸುಮಾರಿನವರೆಗೂ ಏರುತ್ತಲೇ ಇತ್ತು. ಇದು ಹೇಗೆ? ಕೆನಡಾದ ಸಂಶೋಧಕರಾದ ರೆಜಿನಾಲ್ಡ್ ಸ್ಮಾರ್ಟ್ ಮತ್ತು ರಾಬರ್ಟ್ ಮ್ಯಾನ್ ಈ ಪ್ರಶ್ನೆಯ ಬೆನ್ನುಹತ್ತಿದರು. ಅತಿಯಾಗಿ ಕುಡಿಯುವವರು ಹೆಚ್ಚು ಸಂಖ್ಯೆಯಲ್ಲಿ ಚಿಕಿತ್ಸೆಗೂ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಗುಂಪುಗಳಿಗೂ ಬಂದದ್ದು ಒಂದು ಕಾರಣವಿರಬೇಕು ಎಂದರು. ಒಂದು ಏರಿದಾಗ ಇನ್ನೊಂದು ಇಳಿಯಿತು ಎಂಬುದಷ್ಟೇ ಪೂರ್ತಿ ರುಜುವಾತಲ್ಲ, ನಿಜ. ಆದರೂ ಅದನ್ನು ತಳ್ಳಿಹಾಕುವಂತಿಲ್ಲ.

ಈ ಗುಂಪು ಹುಟ್ಟಿದ್ದು 1935ರಲ್ಲಿ, ಅಮೆರಿಕದ ಆ್ಯಕ್ರನ್ ಪಟ್ಟಣದಲ್ಲಿ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್, ಕೆಲಸ ಕೈಗೂಡದೆ ಹೋಟೆಲಿನಲ್ಲಿ ಒಬ್ಬರೇ ನಿಂತಿದ್ದರು. ಪಕ್ಕದಲ್ಲೇ ಬಾರ್. ಅವರು ಬಾರಿಗೆ ಹೋಗಲಿಲ್ಲ. ಫೋನ್ ಎತ್ತಿ ಊರಿನ ಒಬ್ಬ ಪಾದ್ರಿಯನ್ನು ಸಂಪರ್ಕಿಸಿ, ತನ್ನಂತೆಯೇ ಕುಡಿತಕ್ಕೆ ಸಿಕ್ಕಿಬಿದ್ದ ಇನ್ನೊಬ್ಬರೊಡನೆ ಮಾತಾಡಬೇಕು ಎಂದರು. ಆ ಕರೆಯಿಂದಲೇ ಡಾಕ್ಟರ್ ಬಾಬ್ ಸ್ಮಿತ್ ಅವರ ಪರಿಚಯವಾಯಿತು. ಮುಂದೆ ಅನೇಕ ಚರ್ಚುಗಳ ಕೋಣೆಗಳಲ್ಲೇ ಇಂಥ ಕೂಟಗಳು ನಡೆದವು.

ಹಾಗಾದರೆ ನಾವೇನು ಮಾಡಬಹುದು? ಮೊದಲು, ಮದುವೆ-ಹಬ್ಬಗಳಲ್ಲಿ ಗ್ಲಾಸು ಮುಂದಿಟ್ಟು ಒತ್ತಾಯಿಸುವುದನ್ನು ಬಿಡೋಣ. ಬಿಡಲು ಒದ್ದಾಡುವವರನ್ನು ಮೊದಲು ಡಾಕ್ಟರ ಬಳಿ ಕರೆದೊಯ್ಯೋಣ. ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಆಮೇಲೆ ವಾರಕ್ಕೊಂದು ಸಂಜೆ ನಮ್ಮ ಹಾಲ್‌ನ ಬಾಗಿಲು ತೆರೆದಿಡೋಣ. ಸತ್ತ ಮೇಲೆ ಪಿಸುಗುಟ್ಟುವ ನಾವು, ಬದುಕಿರುವಾಗಲೇ ಜೊತೆಗೆ ಕೂತು ಮಾತಾಡಬಾರದೇ?