ದಂಡು ಪ್ರದೇಶ ಮತ್ತು ಮರೆವಿನ ಮನೆ

ಅರವತ್ತಕ್ಕೆ ಅರಳುಮರಳು ಎಂದು ನಾವು ನಗುತ್ತಲೇ ಹೇಳಿಬಿಡುತ್ತೇವೆ. ಉಂಡು ಅರ್ಧ ಗಂಟೆಯಾಗಿರುವುದಿಲ್ಲ, ಊಟವನ್ನೇ ಕೊಡಲಿಲ್ಲವೆಂದು ಅತ್ತೆ ಸೊಸೆಯನ್ನು ದೂರುತ್ತಾಳೆ. ತನ್ನ ಮನೆಯ ನಡುವೆಯೇ ನಿಂತ ತಂದೆ ಮನೆಗೆ ಹೋಗೋಣ ಎಂದು ಹಟ ಹಿಡಿಯುತ್ತಾನೆ. ಇದು ವಯಸ್ಸಿನ ಗುಣವಲ್ಲ, ಡಿಮೆನ್ಷಿಯಾ ಎಂಬ ಮಿದುಳಿನ ಕಾಯಿಲೆಯಿರಬಹುದು ಎಂಬ ತಿಳಿವಳಿಕೆ ನಮ್ಮಲ್ಲಿ ಇನ್ನೂ ಕಡಿಮೆ.

ವೈದ್ಯರಿಗೂ ಇದು ತಡವಾಗಿಯೇ ಅರ್ಥವಾಯಿತು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅಗಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸನ್ನು ಹುಚ್ಚಾಸ್ಪತ್ರೆಗೆ ಸೇರಿಸಲಾಯಿತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಡಾ. ಅಲೋಯ್ಸ್ ಆಲ್ಝೈಮರ್ ಆಕೆಯ ಮಿದುಳನ್ನು ಪರೀಕ್ಷಿಸಿದರು. ಕಾಯಿಲೆಗೆ ವೈದ್ಯರ ಹೆಸರು ಬಂತು. ಆಕೆ ಮಾತ್ರ ಹುಚ್ಚಾಸ್ಪತ್ರೆಯಲ್ಲೇ ಸತ್ತಳು.

ಬೆಂಗಳೂರಿನಲ್ಲಿ 1881ರ ನಂತರ ಎರಡು ಆಡಳಿತ. ಪೇಟೆ ಮೈಸೂರು ಅರಸರದು, ದಂಡು 1947ರವರೆಗೆ ಬ್ರಿಟಿಷರದು. ಎರಡೂ ಕಡೆ ಮರೆವಿನ ಮುದುಕರಿಗೆಂದೇ ಒಂದು ಮನೆಯಿರಲಿಲ್ಲ. ಪೇಟೆಯ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎನಿಸಿಕೊಂಡು, 1974ರಲ್ಲಿ ನಿಮ್ಹಾನ್ಸ್ ಆಯಿತು. ಆದರೆ ಆಸ್ಪತ್ರೆ ಕಾಯಿಲೆಯನ್ನು ಗುರುತಿಸೀತು, ಔಷಧ ಕೊಟ್ಟೀತು. ವರ್ಷಗಟ್ಟಲೆ ಕೈಹಿಡಿದು ಸ್ನಾನ ಮಾಡಿಸುವವರು ಯಾರು?

1992ರಲ್ಲಿ ಕೊಚ್ಚಿಯಲ್ಲಿ ಆಲ್ಝೈಮರ್ ರೋಗಿಗಳಿಗಾಗಿ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. ಬೆಂಗಳೂರಿನಲ್ಲಿ 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, 2010ರಲ್ಲಿ ಬಾಣಸವಾಡಿ ಮತ್ತು ಕೆ.ಆರ್. ಪುರದ ನಡುವಿನ ಕಸ್ತೂರಿನಗರದಲ್ಲಿ ಇಂಥವರು ಉಳಿದುಕೊಳ್ಳುವ ಕೇಂದ್ರ ತೆರೆಯಿತು. ಫ್ರಾಂಕ್‌ಫರ್ಟ್‌ನ ಆ ಹೆಂಗಸು ತೀರಿ ಆಗ ನೂರನಾಲ್ಕು ವರ್ಷ.

ಇಂಥ ಮನೆಯಲ್ಲಿ ಔಷಧಕ್ಕಿಂತ ದಿನಚರಿಯ ಕೆಲಸ ದೊಡ್ಡದು. ಎದ್ದೇಳುವ, ಉಣ್ಣುವ, ನಡೆದಾಡುವ ಹೊತ್ತು ದಿನವೂ ಒಂದೇ ಇರಬೇಕು. ಸಂಜೆಯಾದಂತೆ ಅನೇಕರಿಗೆ ತಳಮಳ ಹೆಚ್ಚುತ್ತದೆ, ಹೊರಗೆ ಹೊರಟುಬಿಡುತ್ತಾರೆ. ಅವರೊಡನೆ ವಾದಿಸಿ ಪ್ರಯೋಜನವಿಲ್ಲ; ಮಾತಾಡಿಸುತ್ತಾ ಜೊತೆಯಲ್ಲಿ ನಾಲ್ಕು ಹೆಜ್ಜೆ ಹಾಕಬೇಕು. ಆದರೆ ಯಾವ ಭಾಷೆಯಲ್ಲಿ? ದಂಡಿನಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ತಮಿಳು, ಕಚೇರಿಯಲ್ಲಿ ಕನ್ನಡ, ಸಾಹೇಬರ ಬಳಿ ಇಂಗ್ಲಿಷ್ ಎಂದು ಬದುಕಿದ ಜನ ನಮ್ಮವರು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಈ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಹಾಗೆಯೇ. ಗಲ್ಲಿಯಲ್ಲಿ ಕಲಿತ ಭಾಷೆಗೂ ಇಷ್ಟು ಬೆಲೆಯಿದೆ!

ಕಾಯಿಲೆ ಬಲಿತಂತೆ ಸಾಮಾನ್ಯವಾಗಿ ನಿನ್ನೆಯದು ಮೊದಲು ಅಳಿಯುತ್ತದೆ, ಬಾಲ್ಯದ್ದು ಹೆಚ್ಚು ಕಾಲ ಉಳಿಯುತ್ತದೆ. ಬ್ಲ್ಯಾಕ್‌ಪಲ್ಲಿಗೆ ಹೋಗಬೇಕು ಎನ್ನುವ ಅಜ್ಜ ಏನೋ ಬಡಬಡಿಸುತ್ತಿದ್ದಾನೆ ಎಂದು ಹೊಸಬರಿಗೆ ಅನ್ನಿಸಬಹುದು. ಆತ ಕೇಳುತ್ತಿರುವುದು ಶಿವಾಜಿನಗರವನ್ನು, ಅದರ ಹಳೆಯ ಹೆಸರಿನಲ್ಲಿ. ಆರೈಕೆಗೆ ನಿಂತವರಿಗೆ ದಂಡಿನ ಈ ಚರಿತ್ರೆ ಗೊತ್ತಿದ್ದರೆ ಅಜ್ಜನೊಡನೆ ರಸೆಲ್ ಮಾರ್ಕೆಟ್ಟಿನ ಮಾತು ತೆಗೆಯಬಹುದು.

2023ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಹಗಲೂ ರಾತ್ರಿ ನೋಡಿಕೊಳ್ಳಲು ಮೂರು ಪಾಳಿಯ ಜನ ಬೇಕು, ಅವರಿಗೆ ಸಂಬಳ ಬೇಕು. ಸಣ್ಣ ಅಂಗಡಿಯ ಸಂಪಾದನೆಯಲ್ಲಿ ಅದು ಆಗುವ ಮಾತಲ್ಲ. ಶಿವಾಜಿನಗರ, ಹಲಸೂರಿನ ಎಷ್ಟೋ ಮನೆಗಳಲ್ಲಿ ಮೂರೂ ಪಾಳಿ ಒಬ್ಬ ಸೊಸೆಯದೋ ಮಗಳದೋ. ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗಿ ಬರುವವರೂ ಇದ್ದಾರೆ.