ಒಂದೇ ಸಲಕ್ಕೆ ಎಚ್‌ಐವಿ ಬರುತ್ತದೆಯೇ? ಅಪಾಯದ ಲೆಕ್ಕ ಮತ್ತು ಸುರಕ್ಷಿತ ಲೈಂಗಿಕತೆ

ಮೊದಲು ತುರ್ತಿನ ಮಾತು. ಕಳೆದ ಮೂರು ದಿನಗಳಲ್ಲಿ ಕಾಂಡೋಮ್ ಇಲ್ಲದೆ ಲೈಂಗಿಕ ಸಂಪರ್ಕ ಆಗಿದೆ, ಅಥವಾ ಕಾಂಡೋಮ್ ಹರಿದಿದೆ, ಎದುರಿನವರಿಗೆ ಎಚ್‌ಐವಿ ಇರಬಹುದು ಎಂಬ ಅನುಮಾನ ಕಾಡುತ್ತಿದೆ ಎಂದಾದರೆ ಈ ಲೇಖನದ ಉಳಿದ ಭಾಗವನ್ನು ಆಮೇಲೆ ಓದಿ. ಈಗಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಅಥವಾ ಎಆರ್‌ಟಿ ಕೇಂದ್ರಕ್ಕೆ ಹೋಗಿ 'ಪೆಪ್' ಬೇಕು ಎಂದು ಕೇಳಿ. ಇದು ಸೋಂಕು ಬೇರೂರುವ ಮುನ್ನ ತಡೆಯುವ ಮಾತ್ರೆ. 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. 72 ಗಂಟೆ ದಾಟಿದ ಮೇಲೆ ಇದರಿಂದ ಉಪಯೋಗವಿಲ್ಲ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ 1097ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಉಚಿತ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. "ಒಂದೇ ಸಲ ಹೋಗಿದ್ದೆ, ಬಂದೇ ಬಿಡುತ್ತದೆಯೇ?" ಎಂದು ಹೆದರುವವರು ಒಂದು ಕಡೆ. "ಒಂದು ಸಲಕ್ಕೆಲ್ಲ ಏನೂ ಆಗುವುದಿಲ್ಲ" ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಪ್ಪು. ಯಾಕೆ ಎಂದು ತಿಳಿಯಲು ಸ್ವಲ್ಪ ಲೆಕ್ಕ ಬೇಕು.

ಒಂದು ಸಲಕ್ಕೆ ಎಷ್ಟು ಅಪಾಯ?

ಎಚ್‌ಐವಿ ಹರಡುವುದು ರಕ್ತ, ವೀರ್ಯ, ವೀರ್ಯಕ್ಕೂ ಮುಂಚೆ ಬರುವ ಸ್ರಾವ, ಯೋನಿ ಮತ್ತು ಗುದದ ಸ್ರಾವ ಹಾಗೂ ಎದೆಹಾಲಿನ ಮೂಲಕ. ಬೆವರು, ಜೊಲ್ಲು, ಕಣ್ಣೀರಿನಿಂದ ಅಲ್ಲ.

ಎದುರಿನವರಿಗೆ ಎಚ್‌ಐವಿ ಇದೆ, ಅವರು ಚಿಕಿತ್ಸೆ ತೆಗೆದುಕೊಳ್ಳುತ್ತಿಲ್ಲ, ಕಾಂಡೋಮ್ ಬಳಸಿಲ್ಲ ಎಂದಿಟ್ಟುಕೊಳ್ಳಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಜ್ಞಾನಿಗಳು ಹಾಕಿರುವ ಅಂದಾಜಿನ ಪ್ರಕಾರ, ಯೋನಿ ಸಂಭೋಗದಲ್ಲಿ ಹೆಣ್ಣಿಗೆ ಸೋಂಕು ತಗಲುವ ಸಾಧ್ಯತೆ 10,000 ಸಲಕ್ಕೆ ಸುಮಾರು 8, ಗಂಡಿಗೆ ಸುಮಾರು 4. ಗುದ ಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವರಿಗೆ ಸುಮಾರು 138, ಒಳಗೆ ಹಾಕುವವರಿಗೆ ಸುಮಾರು 11. ಮಾದಕ ದ್ರವ್ಯ ಚುಚ್ಚಿಕೊಳ್ಳುವವರು ಒಂದೇ ಸೂಜಿ ಹಂಚಿಕೊಂಡರೆ 63. ಸೋಂಕಿರುವ ರಕ್ತವನ್ನೇ ಏರಿಸಿದರೆ 9,000ಕ್ಕೂ ಹೆಚ್ಚು. ಹಾಗಾಗಿಯೇ ದಾನ ಬಂದ ಪ್ರತಿ ಬಾಟಲಿ ರಕ್ತವನ್ನೂ ಪರೀಕ್ಷಿಸುವುದು ಕಡ್ಡಾಯ. ಬಾಯಿಯ ಮೂಲಕದ ಲೈಂಗಿಕತೆಯಲ್ಲಿ ಅಪಾಯ ತೀರಾ ಕಡಿಮೆ, ಆದರೆ ಸೊನ್ನೆ ಎನ್ನಲಾಗದು.

ಗುದ ಸಂಭೋಗದ ಸಂಖ್ಯೆ ಇಷ್ಟು ದೊಡ್ಡದಾಗಲು ಕಾರಣ ಅಲ್ಲಿನ ಒಳಪದರ. ಅದು ತೆಳು, ಬೇಗ ಬಿರುಕು ಬಿಡುತ್ತದೆ. ಗಂಡು ಹೆಣ್ಣು ಸೇರಿದರೂ, ಗಂಡು ಗಂಡು ಸೇರಿದರೂ ಈ ಲೆಕ್ಕ ಒಂದೇ. "ಹೀಗೆ ಮಾಡಿದರೆ ಗರ್ಭ ನಿಲ್ಲುವುದಿಲ್ಲ, ಹಾಗಾಗಿ ಸುರಕ್ಷಿತ" ಎಂದು ನಂಬಿರುವ ಜೋಡಿಗಳಿವೆ. ಗರ್ಭದ ಮಟ್ಟಿಗೆ ಸರಿ, ಎಚ್‌ಐವಿಯ ಮಟ್ಟಿಗೆ ಪೂರ್ತಿ ಉಲ್ಟಾ.

10,000ಕ್ಕೆ 8 ಅಂದರೆ ಬಹಳ ಕಡಿಮೆ ಅನಿಸುತ್ತದೆ. ಈಗ ಗುಣಿಸಿ ನೋಡಿ. ಎಚ್‌ಐವಿ ಇದೆಯೆಂದೇ ಗೊತ್ತಿಲ್ಲದ ಗಂಡನೊಬ್ಬ ಹೆಂಡತಿಯೊಡನೆ ವರ್ಷಕ್ಕೆ ನೂರು ಸಲ ಸೇರುತ್ತಾನೆ ಎಂದುಕೊಂಡರೆ ಆ ಒಂದು ವರ್ಷದಲ್ಲಿ ಅವಳಿಗೆ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 8ರ ಹತ್ತಿರ ಬರುತ್ತದೆ. ಐದು ವರ್ಷಕ್ಕೆ ಮೂರರಲ್ಲಿ ಒಂದು ಪಾಲು. ಬೇರೆ ಯಾರ ಜೊತೆಗೂ ಸಂಬಂಧವಿಲ್ಲದ ಹೆಣ್ಣುಮಕ್ಕಳು ಬಸುರಿಯಾದಾಗಿನ ಪರೀಕ್ಷೆಯಲ್ಲಿ ತಮಗೆ ಎಚ್‌ಐವಿ ಇದೆ ಎಂದು ತಿಳಿದು ಕುಸಿದುಹೋಗುವುದರ ಹಿಂದೆ ಇರುವುದು ಈ ಗಣಿತ. ಅಲ್ಲಿ ಮೊದಲು ಪರೀಕ್ಷೆಯಾದದ್ದು ಅವಳದು ಅಷ್ಟೆ. ಮೊದಲು ಸೋಂಕು ಬಂದದ್ದು ಅವಳಿಗೆ ಎಂದು ಅದರಿಂದ ಹೇಳಲಾಗದು. ಈ ಎರಡನ್ನು ಒಂದೇ ಎಂದುಕೊಂಡು ಸೊಸೆಯನ್ನು ತವರಿಗೆ ಅಟ್ಟುವ ಮನೆಗಳಿವೆ.

ಮೇಲಿನ ಅಂಕಿಗಳು ಸರಾಸರಿ ಎಂಬುದನ್ನೂ ಮರೆಯಬಾರದು. ಸೋಂಕು ತಗಲಿದ ಮೊದಲ ಕೆಲವು ವಾರಗಳಲ್ಲಿ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ. ಆಗ ಅವರಿಂದ ಇನ್ನೊಬ್ಬರಿಗೆ ಹರಡುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಆ ಹೊತ್ತಿನಲ್ಲಿ ಅವರಿಗೆ ಹೆಚ್ಚೆಂದರೆ ಒಂದು ಜ್ವರ ಬಂದು ಹೋಗಿರುತ್ತದೆ. ಜನನಾಂಗದಲ್ಲಿ ಹುಣ್ಣಿದ್ದರೂ ಅಪಾಯ ಎರಡು ಮೂರು ಪಟ್ಟು ಏರುತ್ತದೆ. ಹಾಗಾಗಿ ಉರಿ, ಕೀವು, ಹುಣ್ಣು ಕಂಡರೆ ನಾಚಿಕೊಂಡು ಮುಲಾಮು ಹಚ್ಚಿಕೊಳ್ಳುತ್ತ ಕೂರಬೇಡಿ. ಜಿಲ್ಲಾ ಮತ್ತು ದೊಡ್ಡ ಸರ್ಕಾರಿ ಆಸ್ಪತ್ರೆಗಳ 'ಸುರಕ್ಷಾ' ಕ್ಲಿನಿಕ್‌ಗಳಲ್ಲಿ ಇದಕ್ಕೆ ಉಚಿತ ಔಷಧ ಸಿಗುತ್ತದೆ.

ನಮ್ಮ ಸೀಮೆಯ ಕಥೆ

ಅಥಣಿ ತಾಲ್ಲೂಕಿನ ಅನಂತಪುರದಂಥ ಊರಿನಲ್ಲಿ ಕುಳಿತು ಇದನ್ನು ಬರೆಯುವಾಗ ಎಚ್‌ಐವಿಯನ್ನು ಮುಂಬೈಯ ರೋಗ ಎನ್ನಲಾಗದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆ ಮಹಾರಾಷ್ಟ್ರಕ್ಕೆ ಅಂಟಿಕೊಂಡಿದೆ. ನಿಪ್ಪಾಣಿಯ ಮೈಮೇಲೇ ಪುಣೆ-ಬೆಂಗಳೂರು ಹೆದ್ದಾರಿ ಹಾದುಹೋಗಿದೆ. ಕಬ್ಬಿನ ಹಂಗಾಮು ಬಂತೆಂದರೆ ಕಡಿಯುವ ಗ್ಯಾಂಗುಗಳು ಊರೂರು ತಿರುಗುತ್ತವೆ. ಕೆಲಸ ಹುಡುಕಿಕೊಂಡು ಸಾಂಗ್ಲಿ, ಕೊಲ್ಹಾಪುರ, ಪುಣೆಗೆ ಹೋಗಿಬರುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಇದರ ಜೊತೆಗೆ ದೇವದಾಸಿ ಪದ್ಧತಿ. ಸವದತ್ತಿಯ ಯಲ್ಲಮ್ಮನ ಗುಡ್ಡ, ಅಥಣಿ ತಾಲ್ಲೂಕಿನದೇ ಕೋಕಟನೂರು ಜಾತ್ರೆ, ಇವುಗಳ ಸುತ್ತ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ, ಬಡತನದಲ್ಲಿ ಲೈಂಗಿಕ ದುಡಿಮೆಗೆ ತಳ್ಳಿದ ಇತಿಹಾಸವಿದೆ. 1982ರಲ್ಲಿ ಕರ್ನಾಟಕ ಇದನ್ನು ನಿಷೇಧಿಸುವ ಕಾಯ್ದೆ ಮಾಡಿತು. ಕಾಯ್ದೆ ಬಂದಷ್ಟು ಬೇಗ ಪದ್ಧತಿ ಹೋಗಲಿಲ್ಲ.

2003ರಲ್ಲಿ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ನಡುವೆ ಮಾಡಿದ ಸಮೀಕ್ಷೆಯಲ್ಲಿ ನೂರಕ್ಕೆ ಹೆಚ್ಚುಕಡಿಮೆ ಮೂರು ಜನರಲ್ಲಿ ಎಚ್‌ಐವಿ ಕಂಡುಬಂತು. 2005-06ರ ಸುಮಾರಿಗೆ ಬೆಳಗಾವಿ ಜಿಲ್ಲೆಯ ಲೈಂಗಿಕ ಕಾರ್ಯಕರ್ತೆಯರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಸೋಂಕಿತ್ತು. ಇಂದು ದೇಶದ ವಯಸ್ಕರಲ್ಲಿ ಈ ಪ್ರಮಾಣ ನೂರಕ್ಕೆ 0.2ರಷ್ಟು. ಆದರೂ 2023ರ ಸರ್ಕಾರಿ ಅಂದಾಜಿನಂತೆ ಭಾರತದಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ.

ಇಳಿಕೆ ತಾನಾಗಿಯೇ ಆಗಲಿಲ್ಲ. ಲೈಂಗಿಕ ಕಾರ್ಯಕರ್ತೆಯರು ತಾವೇ ಸಂಘ ಕಟ್ಟಿಕೊಂಡು, ಕಾಂಡೋಮ್ ಇಲ್ಲದೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಎಂದು ಒಗ್ಗಟ್ಟಾಗಿ ನಿಂತದ್ದು ದೊಡ್ಡ ಕಾರಣ. ಒಬ್ಬಳೇ ಬೇಡವೆಂದರೆ ಗಿರಾಕಿ ಪಕ್ಕದ ಮನೆಗೆ ಹೋಗುತ್ತಾನೆ, ಎಲ್ಲರೂ ಬೇಡವೆಂದರೆ ಅವನಿಗೆ ಬೇರೆ ದಾರಿಯಿಲ್ಲ. ದೇವದಾಸಿ ಬದುಕಿನಿಂದ ಹೊರಬಂದ ಹೆಂಗಸರ 'ಮಾಸ್' ಸಂಸ್ಥೆ ಘಟಪ್ರಭಾದಿಂದ ಕೆಲಸ ಮಾಡಿತು. ಅದನ್ನು ಮುನ್ನಡೆಸಿದ ಚಿಕ್ಕೋಡಿ ಸೀಮೆಯ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನಮ್ಮ ಅಭಿಪ್ರಾಯದಲ್ಲಿ ಈ ಸೀಮೆಯಲ್ಲಿ ಎಚ್‌ಐವಿ ಬಗ್ಗೆ ಸರಿಯಾಗಿ ಮಾತಾಡಲು ಕಲಿಸಿದ್ದು ಪೋಸ್ಟರುಗಳಿಗಿಂತ ಇಂಥ ಹೆಂಗಸರು.

ಕಾಂಡೋಮ್: ಗೊತ್ತಿದೆ ಅಂದುಕೊಂಡದ್ದು

ಪ್ರತಿ ಸಲ, ಸರಿಯಾಗಿ ಬಳಸಿದರೆ ಕಾಂಡೋಮ್ ಅಪಾಯವನ್ನು ಬಹುಪಾಲು ಇಳಿಸುತ್ತದೆ. ಜೊತೆಗೆ ಬೇರೆ ಗುಪ್ತರೋಗಗಳನ್ನೂ ಬಸಿರನ್ನೂ ತಡೆಯುತ್ತದೆ. ಕೆಡುವುದು "ಪ್ರತಿ ಸಲ" ಮತ್ತು "ಸರಿಯಾಗಿ" ಎಂಬ ಎರಡು ಪದಗಳಲ್ಲಿ.

ನಾವು ಹೆಚ್ಚು ಕೇಳುವ ತಪ್ಪು ಎಣ್ಣೆಯದು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಲ್ಯಾಟೆಕ್ಸ್ ಕೆಲವೇ ನಿಮಿಷಗಳಲ್ಲಿ ದುರ್ಬಲವಾಗಿ ಹರಿಯುತ್ತದೆ. ಜಾರಿಕೆ ಬೇಕಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ನೀರು ಆಧಾರಿತ ಜೆಲ್ ಬಳಸಿ. ಎರಡು ಕಾಂಡೋಮ್ ಒಂದರ ಮೇಲೊಂದು ಹಾಕಿದರೆ ಡಬಲ್ ರಕ್ಷಣೆ ಎಂಬುದು ಸುಳ್ಳು, ಒಂದಕ್ಕೊಂದು ಉಜ್ಜಿ ಎರಡೂ ಹರಿಯಬಹುದು. ಪರ್ಸಿನಲ್ಲಿ ತಿಂಗಳುಗಟ್ಟಲೆ, ಲಾರಿಯ ಡ್ಯಾಶ್‌ಬೋರ್ಡಿನ ಬಿಸಿಲಲ್ಲಿ ಇಟ್ಟದ್ದನ್ನು ನಂಬಬೇಡಿ. ಅವಧಿಯ ದಿನಾಂಕ ನೋಡಿ, ಹಲ್ಲಿನಿಂದ ಕಚ್ಚದೆ ಕೈಯಿಂದ ಹರಿದು ತೆಗೆಯಿರಿ, ತುದಿಯ ಗಾಳಿ ಹಿಂಡಿ ಶುರುವಿನಿಂದಲೇ ಹಾಕಿ. ಮುಗಿದ ಕೂಡಲೇ, ಸಡಿಲವಾಗುವ ಮೊದಲು, ಬುಡ ಹಿಡಿದು ಹೊರತೆಗೆಯಿರಿ.

"ಕೊನೆಗೆ ಹೊರಗೆ ಬಿಟ್ಟೆ" ಎಂಬುದು ರಕ್ಷಣೆಯಲ್ಲ. ಆಮೇಲೆ ಸೋಪಿನಿಂದ ತೊಳೆಯುವುದು, ಡೆಟಾಲ್ ಹಾಕುವುದು, ಮೂತ್ರ ಮಾಡುವುದು ವೈರಸನ್ನು ತಡೆಯುವುದಿಲ್ಲ. ಯೋನಿಯ ಒಳಗೆ ತೊಳೆದರೆ ಒಳಪದರ ಕೆರಳಿ ಅಪಾಯ ಹೆಚ್ಚಬಹುದು. ಗರ್ಭನಿರೋಧಕ ಮಾತ್ರೆಗೂ ಎಚ್‌ಐವಿಗೂ ಸಂಬಂಧವಿಲ್ಲ. ನೋಡಲು ಗಟ್ಟಿಮುಟ್ಟಾಗಿದ್ದಾರೆ ಎಂಬುದರಿಂದ ಏನೂ ತಿಳಿಯುವುದಿಲ್ಲ, ವರ್ಷಗಟ್ಟಲೆ ಒಂದೂ ಲಕ್ಷಣವಿಲ್ಲದೆ ಇರಬಹುದು.

ಚಿಕಿತ್ಸೆಯೇ ತಡೆ

ಕಳೆದ ಎರಡು ದಶಕಗಳ ದೊಡ್ಡ ಸುದ್ದಿ ಇದು, ಹಳ್ಳಿಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಎಚ್‌ಐವಿ ಇರುವವರು ದಿನವೂ ಎಆರ್‌ಟಿ ಮಾತ್ರೆ ನುಂಗಿದರೆ ರಕ್ತದಲ್ಲಿನ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು, ಅದೇ ಮಟ್ಟದಲ್ಲಿ ಉಳಿದರೆ ಲೈಂಗಿಕ ಸಂಪರ್ಕದಿಂದ ಅವರು ಇನ್ನೊಬ್ಬರಿಗೆ ಎಚ್‌ಐವಿ ಹರಡುವುದಿಲ್ಲ. ಇದು ಸಮಾಧಾನದ ಮಾತಲ್ಲ, ಅಳೆದ ಸತ್ಯ. ಚೆನ್ನೈ ಮತ್ತು ಪುಣೆ ಕೇಂದ್ರಗಳೂ ಸೇರಿ ಒಂಬತ್ತು ದೇಶಗಳಲ್ಲಿ, ಒಬ್ಬರಿಗೆ ಮಾತ್ರ ಎಚ್‌ಐವಿ ಇರುವ 1,763 ಜೋಡಿಗಳ ಮೇಲೆ ನಡೆದ ಅಧ್ಯಯನ 2011ರಲ್ಲಿ ಇದರ ಮೊದಲ ದೊಡ್ಡ ಪುರಾವೆ ಕೊಟ್ಟಿತು. 2019ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ 782 ಗಂಡು ಜೋಡಿಗಳು ಕಾಂಡೋಮ್ ಇಲ್ಲದೆ 76,000ಕ್ಕೂ ಹೆಚ್ಚು ಸಲ ಸೇರಿದ್ದರು. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಸೋಂಕು ಹರಡಿದ್ದು ಸೊನ್ನೆ ಬಾರಿ.

ಭಾರತದಲ್ಲಿ ಎಆರ್‌ಟಿ 2004ರಿಂದ ಉಚಿತ. 2017ರಿಂದ ಸೋಂಕು ಗೊತ್ತಾದ ಕೂಡಲೇ ಶುರು ಮಾಡುತ್ತಾರೆ, ರೋಗನಿರೋಧಕ ಶಕ್ತಿ ಕುಸಿಯುವವರೆಗೆ ಕಾಯಿಸುವುದಿಲ್ಲ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ವೈರಸ್ ಪ್ರಮಾಣ ಅಷ್ಟು ಇಳಿಯಲು ಸಾಮಾನ್ಯವಾಗಿ ಆರು ತಿಂಗಳವರೆಗೆ ಬೇಕು. ಇಳಿದಿದೆ ಎಂದು ಊಹಿಸಬಾರದು, ವೈರಲ್ ಲೋಡ್ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಅದೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ.

ಕಬ್ಬು ಕಡಿಯಲು, ದುಡಿಯಲು ತಿಂಗಳುಗಟ್ಟಲೆ ಊರು ಬಿಡುವವರು ಕೇಂದ್ರದಲ್ಲಿ ಮೊದಲೇ ಹೇಳಿದರೆ ಹೆಚ್ಚು ದಿನಗಳ ಮಾತ್ರೆ ಕೊಡುವ, ಅಥವಾ ಹೋಗುವ ಊರಿನ ಕೇಂದ್ರಕ್ಕೆ ಬರೆದುಕೊಡುವ ವ್ಯವಸ್ಥೆ ಇದೆ. ಮಾತ್ರೆ ನಿಂತರೆ ವೈರಸ್ ಕೆಲವು ವಾರಗಳಲ್ಲೇ ಮರಳುತ್ತದೆ. ಇನ್ನೊಂದು ಮಾತು: ಈ ಮಾತ್ರೆ ಸಿಫಿಲಿಸ್‌ನಂಥ ಬೇರೆ ಗುಪ್ತರೋಗಗಳನ್ನು ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು.

ತಾಯಿಯಿಂದ ಮಗುವಿಗೂ ಇದೇ ತತ್ವ. ಚಿಕಿತ್ಸೆಯಿಲ್ಲದಿದ್ದರೆ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ಹೋಗುತ್ತದೆ. ತಾಯಿ ಮಾತ್ರೆ ತೆಗೆದುಕೊಂಡು, ಹುಟ್ಟಿದ ಮಗುವಿಗೂ ಔಷಧ ಕೊಟ್ಟರೆ ಇದು 5ಕ್ಕಿಂತ ಕೆಳಗಿಳಿಯುತ್ತದೆ.

ಎಚ್‌ಐವಿ ಇಲ್ಲದವರು ಮುಂಚಿತವಾಗಿಯೇ ತೆಗೆದುಕೊಳ್ಳುವ ಮಾತ್ರೆಯೂ ಇದೆ, ಹೆಸರು 'ಪ್ರೆಪ್'. ಸಂಗಾತಿಗೆ ಎಚ್‌ಐವಿ ಇದ್ದು ಚಿಕಿತ್ಸೆ ಇನ್ನೂ ಹಿಡಿತಕ್ಕೆ ಬಂದಿಲ್ಲದಿದ್ದರೆ, ಅಥವಾ ಪದೇ ಪದೇ ಅಪಾಯಕ್ಕೆ ಒಡ್ಡಿಕೊಳ್ಳುವ ಪರಿಸ್ಥಿತಿಯಿದ್ದರೆ ವೈದ್ಯರನ್ನು ಕೇಳಿ. ಶುರು ಮಾಡುವ ಮುನ್ನ ಪರೀಕ್ಷೆ ಕಡ್ಡಾಯ.

ಸೊಳ್ಳೆ, ತಟ್ಟೆ, ಕ್ಷೌರ

ಸೊಳ್ಳೆ ಕಚ್ಚುವಾಗ ನಮ್ಮ ಮೈಗೆ ಬಿಡುವುದು ತನ್ನ ಜೊಲ್ಲನ್ನು, ಹಿಂದಿನವರ ರಕ್ತವನ್ನಲ್ಲ. ಅದರ ಹೊಟ್ಟೆಯಲ್ಲಿ ಎಚ್‌ಐವಿ ಬೆಳೆಯುವುದೂ ಇಲ್ಲ. ಸೊಳ್ಳೆಯಿಂದ ಬರುವುದಾಗಿದ್ದರೆ ಶಾಲೆಗೆ ಹೋಗುವ ಮಕ್ಕಳಲ್ಲೇ ಹೆಚ್ಚು ಕಾಣಬೇಕಿತ್ತು, ಹಾಗಿಲ್ಲ. ಒಂದೇ ತಟ್ಟೆ, ಒಂದೇ ಶೌಚಾಲಯ, ಅಪ್ಪುಗೆ, ಮುತ್ತು, ಕೆಮ್ಮು ಯಾವುದರಿಂದಲೂ ಬರುವುದಿಲ್ಲ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳುವುದು ಒಳ್ಳೆಯ ಅಭ್ಯಾಸ, ಹೆಪಟೈಟಿಸ್ ಬಿಯಂಥ ಸೋಂಕುಗಳಿಗಾದರೂ ಅದು ಬೇಕು. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವಾಗ ಹೊಸ ಸೂಜಿ ಬೇಕೆಂದು ಗಟ್ಟಿಯಾಗಿಯೇ ಕೇಳಿ.

ಪರೀಕ್ಷೆ ಯಾವಾಗ, ಎಲ್ಲಿ?

ಸಂಪರ್ಕವಾದ ಮರುದಿನ ಪರೀಕ್ಷೆ ಮಾಡಿಸಿ "ನೆಗೆಟಿವ್ ಬಂತು" ಎಂದು ನಿರಾಳವಾಗುವವರಿದ್ದಾರೆ. ಆ ವರದಿ ಹೇಳುವುದು ಹಿಂದಿನ ಸ್ಥಿತಿಯನ್ನು. ಪ್ರಯೋಗಾಲಯದ ಹೊಸ ಬಗೆಯ ಪರೀಕ್ಷೆಯಲ್ಲಿ ಸೋಂಕು ಕಾಣಲು 18ರಿಂದ 45 ದಿನ, ಬೆರಳು ಚುಚ್ಚಿ ಮಾಡುವ ತ್ವರಿತ ಪರೀಕ್ಷೆಯಲ್ಲಿ 90 ದಿನದವರೆಗೆ ಬೇಕಾಗಬಹುದು. ಆದ್ದರಿಂದ ಒಮ್ಮೆ ಈಗ, ಇನ್ನೊಮ್ಮೆ ಮೂರು ತಿಂಗಳಾದ ಮೇಲೆ. ನಡುವೆ ಕಾಂಡೋಮ್ ಬಿಡಬೇಡಿ, ರಕ್ತದಾನ ಮಾಡಬೇಡಿ.

ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆಯೂ ಆಪ್ತ ಸಮಾಲೋಚನೆಯೂ ಉಚಿತ. ಊರವರು ನೋಡುತ್ತಾರೆ ಎಂದು ಅಂಜಿ ಮೀರಜ್‌ಗೆ, ಬೆಳಗಾವಿಗೆ ಹೋಗಿ ಮಾಡಿಸುವವರಿದ್ದಾರೆ, ಅದರಲ್ಲಿ ತಪ್ಪಿಲ್ಲ, ಬೇರೆ ತಾಲ್ಲೂಕಿನವರು, ಬೇರೆ ರಾಜ್ಯದವರು ಎಂದು ಪರೀಕ್ಷೆ ನಿರಾಕರಿಸುವಂತಿಲ್ಲ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರಂತೆ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಊರಿಗೆ ಸಾರುವಂತಿಲ್ಲ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸಿಕೊಳ್ಳದಿರುವುದು, ಹೆರಿಗೆಗೆ ಬಂದವರನ್ನು ವಾಪಸ್ ಕಳಿಸುವುದು ಕಾನೂನುಬಾಹಿರ. ಹಾಗಾದರೆ ದೂರು ಕೊಡಬಹುದು. ರಾಜ್ಯ ಸರ್ಕಾರ ನೇಮಿಸುವ ಒಂಬುಡ್ಸ್‌ಮನ್ ಅದನ್ನು 30 ದಿನದೊಳಗೆ ಇತ್ಯರ್ಥ ಮಾಡಬೇಕು, ಜೀವಕ್ಕೆ ಸಂಬಂಧಿಸಿದ ತುರ್ತಾದರೆ 24 ಗಂಟೆಯೊಳಗೆ.