ಜನಪದ ಮಹಾಕಾವ್ಯ ಸಂಗ್ರಹ, ಕನ್ನಡ ವಿಶ್ವವಿದ್ಯಾಲಯ

ಜನಪದ ಮಹಾಕಾವ್ಯ ಸಂಗ್ರಹ: ವೃತ್ತಿಗಾಯಕರು ಮೌಖಿಕವಾಗಿ ಉಳಿಸಿಕೊಂಡು ಬಂದ ದೀರ್ಘ ಕಥನಕಾವ್ಯಗಳನ್ನು ಅವರ ಸಹಭಾಗಿತ್ವದಲ್ಲಿ ದಾಖಲಿಸಿ ಪ್ರಕಟಿಸುವ ಹಂಪಿ ಕನ್ನಡ ವಿಶ್ವವಿದ್ಯಾಲಯದ ಸಂಶೋಧನಾ ಕಾರ್ಯ. ಕನ್ನಡ ನಾಡುನುಡಿಗಳ ಅಧ್ಯಯನಕ್ಕೆ ಮೀಸಲಾದ ಈ ವಿಶ್ವವಿದ್ಯಾಲಯವು 1991ರಲ್ಲಿ ಸ್ಥಾಪನೆಯಾಯಿತು. ನಾಟಕಕಾರ, ಜಾನಪದ ವಿದ್ವಾಂಸ ಚಂದ್ರಶೇಖರ ಕಂಬಾರ ಮೊದಲ ಕುಲಪತಿ.

ವಿಧಾನ: ಗಾಯಕರ ಹಾಡಿಕೆಯ ಧ್ವನಿಮುದ್ರಣ, ಲಿಪ್ಯಂತರ, ಸಂಪಾದನೆ, ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಮೂಲಕ ಪ್ರಕಟಣೆ ಮುಖ್ಯ ಹಂತಗಳು. ಪಠ್ಯದ ಆಕರ ಗಾಯಕರ ನೆನಪು. ಆದ್ದರಿಂದ ಹಾಡುವ ಸಮುದಾಯದ ಆಚರಣೆ, ನಂಬಿಕೆ, ಆಡುನುಡಿಗಳೂ ಅಧ್ಯಯನದ ವ್ಯಾಪ್ತಿಗೆ ಸೇರುತ್ತವೆ.

ಕೃತಿಗಳು: ದೇವರಗುಡ್ಡರು ಕಂಸಾಳೆ ಎಂಬ ಕಂಚಿನ ತಾಳದೊಂದಿಗೆ ಹಾಡುವ ಮಲೆಯ ಮಾದೇಶ್ವರ, ನೀಲಗಾರರ ಮಂಟೇಸ್ವಾಮಿ, ಕಾಡುಗೊಲ್ಲರ ಜುಂಜಪ್ಪ ಪ್ರಮುಖವಾದವು. ಹೆಬ್ಬಣಿ ಮಾದಯ್ಯ ಹಾಡಿದ, ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು.

ಪರಿಸರ: ವಿಶ್ವವಿದ್ಯಾಲಯವಿರುವ ವಿಜಯನಗರ ಜಿಲ್ಲೆಯು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟಿತು. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಇದೇ ಜಿಲ್ಲೆಯ ತಾಲ್ಲೂಕುಗಳು. ಹಡಗಲಿ ತಾಲ್ಲೂಕಿನ ಮೈಲಾರವು ಮೈಲಾರಲಿಂಗನ ಭಕ್ತರಾದ ಗೊರವರ ಪರಂಪರೆಯ ಕೇಂದ್ರ. ಈ ಭಾಗದ ಇನ್ನೊಂದು ಕಥನ ಗಾಯನ ಪರಂಪರೆಯಾದ ಬುರ್ರಕಥೆ ಅಲೆಮಾರಿ ಬುಡ್ಗಜಂಗಮ ಸಮುದಾಯದ ವೃತ್ತಿಕಲೆ. ನೆರೆಯ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಅದರ ಹೆಸರಾಂತ ಕಲಾವಿದೆ.

ಮಹತ್ವ: ಅನಕ್ಷರಸ್ಥ ಕಲಾವಿದರನ್ನು ಜ್ಞಾನದ ವಾರಸುದಾರರೆಂದು ವಿದ್ಯಾಲೋಕ ಒಪ್ಪಿದ್ದು ಈ ಕಾರ್ಯದ ವೈಶಿಷ್ಟ್ಯ. ಶಾಲೆಯ ಮೆಟ್ಟಿಲು ಹತ್ತದ ಈರಮ್ಮನಿಗೆ ವಿಶ್ವವಿದ್ಯಾಲಯವು 2003ರಲ್ಲಿ ತನ್ನ ಗೌರವ ಪದವಿ ‘ನಾಡೋಜ’ ನೀಡಿತು. ಅವರು 2014ರಲ್ಲಿ ನಿಧನರಾದರು.